ಕೋಟು ತೊಟ್ಟವಳ ಚರಗ

ಗುರುಬಸವ್ವ ಬಡಾವಣೆಯ ರಸ್ತೆಗಳ ಮೇಲೆ ನಡೆಯುವುದಿಲ್ಲ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲಿ, ಊರು ಇನ್ನೇನು ಮುಗಿಯಿತು ಅನ್ನಿಸುವಲ್ಲಿ ಎದ್ದಿರುವ ನಮ್ಮ ಬಡಾವಣೆಗೆ ಅಚ್ಚುಕಟ್ಟಾದ ಡಾಂಬರು ರಸ್ತೆಗಳಿವೆ, ತಿರುವು ತಿರುವಿಗೆ ಫಲಕಗಳಿವೆ; ಅವಳ ಕಾಲಿಗೆ ಅವು ಯಾವುವೂ ಲೆಕ್ಕಕ್ಕಿಲ್ಲ. ಮನೆಯಿಂದ ಹೊರಟವಳು ಖಾಲಿ ಪ್ಲಾಟುಗಳ ನಡುವೆ ಓರೆಯಾಗಿ ಹೋಗುತ್ತಾಳೆ, ಯಾರದಾದರೂ ಕಾಂಪೌಂಡು ಅಡ್ಡ ಬಂದರೆ ಲೊಚ್ ಎಂದು ನಾಲಿಗೆ ಬಡಿದು ಅದನ್ನು ಬಳಸುತ್ತಾಳೆ, ಆಚೆ ಬದಿಯಲ್ಲಿ ಮತ್ತೆ ತನ್ನ ಓರೆ ಗೆರೆಯನ್ನೇ ಹಿಡಿಯುತ್ತಾಳೆ. ಆ ಗೆರೆ ಒಂದು ಬದು. ಜೆಸಿಬಿ ಎಂದೋ ಅಳಿಸಿಹಾಕಿದ ಬದು ಅವಳ ಪಾದಗಳಲ್ಲಿ ಉಳಿದುಕೊಂಡಿದೆ, ಏಕೆಂದರೆ ಈ ಬಡಾವಣೆಯಷ್ಟೂ ಒಂದು ಕಾಲಕ್ಕೆ ಅವಳ ಹೊಲವಾಗಿತ್ತು. ಅವಳ ಹಿಂದೆ ಐದು ವರ್ಷದ ಮೊಮ್ಮಗಳು ವಿಜಯಲಕ್ಷ್ಮೀ, ಮನೆಯವರ ಬಾಯಲ್ಲಿ ವಿಜ್ಜಿ, ಅದೇ ಗೆರೆಯ ಮೇಲೆ ಬರುತ್ತಾಳೆ. ಬದುವನ್ನು ಎಂದೂ ಕಾಣದ ಆ ಹುಡುಗಿ ಅಜ್ಜಿ ಬಳಸಿದಲ್ಲಿ ಬಳಸುತ್ತಾಳೆ, ಅಜ್ಜಿ ಲೊಚ್ ಎಂದಲ್ಲಿ ತಾನೂ ಲೊಚ್ ಎನ್ನುತ್ತಾಳೆ.

ಇಳಕಲ್ ಸೀರೆಯ ಮೇಲೆ ಗುರುಬಸವ್ವ ಗಂಡಸಿನ ಕೋಟು ತೊಡುತ್ತಾಳೆ. ಕಂದುಬಣ್ಣದ ಉಣ್ಣೆಯದು, ಮೊಣಕೈಯಲ್ಲಿ ಬೇರೆ ಬಟ್ಟೆಯ ತೇಪೆ ಹಾಕಿದ್ದು, ತೀರಿಹೋದ ಗಂಡ ಯಲ್ಲಾಲಿಂಗನದು. ಗಂಡನ ನೆನಪಿಗೆಂದು ತೊಡುತ್ತಾಳೆ ಎಂದು ಬಡಾವಣೆಯ ಹೆಂಗಸರು ಮರುಗುತ್ತಾರೆ. ನಾನು ಒಮ್ಮೆ ನೇರವಾಗಿ ಕೇಳಿದೆ. “ಸೀರಿಗೆ ಕಿಸೆ ಇರಂಗಿಲ್ರಿ ಬಾಯಾರ,” ಎಂದಳು, “ಕೋಟಿಗೆ ಐದ ಅದಾವು.” ಆ ಕಿಸೆಗಳಲ್ಲಿ ಹುರಿದ ಶೇಂಗಾ, ಬೆಲ್ಲದ ಚೂರು, ಮೊಬೈಲು, ವಿಜ್ಜಿಯ ತಲೆಯಿಂದ ಕಳಚಿದ ಕ್ಲಿಪ್ಪುಗಳು ಇರುತ್ತವೆ. ನೆನಪು ಇದ್ದರೆ ಇವುಗಳ ಅಡಿಯಲ್ಲೆಲ್ಲೋ ಇರಬೇಕು.

ಹೊಲ ಮಾರುವಾಗ ಅವಳು ಅಳಲಿಲ್ಲ. ನಗರ ಬೆಳೆಯುತ್ತ ಬಂದಿತು, ಅಕ್ಕಪಕ್ಕದ ಹೊಲಗಳು ಪ್ಲಾಟುಗಳಾದವು, ಮಗ ಅರುಣಕುಮಾರನಿಗೆ ಒಕ್ಕಲುತನದಲ್ಲಿ ಮನಸ್ಸಿರಲಿಲ್ಲ. ಅವನು ಜೋರಾಪುರ ಪೇಟೆಯಲ್ಲಿ ಪೈಪು-ನಲ್ಲಿಗಳ ಅಂಗಡಿ ಇಟ್ಟ, ಇವಳು ಕಾಗದ ಓದಿಸಿ ಕೇಳಿ ಸಹಿ ಮಾಡಿದಳು. ಒಂದು ಪ್ಲಾಟು ಉಳಿಸಿಕೊಂಡು ಮನೆ ಕಟ್ಟಿದರು. ಅವರ ತೊಗರಿ ಬೆಳೆಯುತ್ತಿದ್ದ ತುಂಡಿನ ಮೇಲೆ ಈಗ ನನ್ನ ಮನೆಯಿದೆ.

ಯಾರು ಏನೇ ಹೇಳಲಿ, ಪೂರ್ತಿ ಕೇಳಿ, ಗದ್ದ ಮೇಲೆತ್ತಿ, “ಆತು. ಮುಂದ?” ಎನ್ನುವುದು ಅವಳ ರೂಢಿ. ಉಪ್ಪು ಬಿಡಬೇಕೆಂದ ಡಾಕ್ಟರಿಗೂ ಅದೇ, ಕೋಟು ಬಿಟ್ಟು ಸ್ವೆಟರು ಹಾಕಿಕೊಳ್ಳಿ ಅತ್ತೀ ಎಂದ ಸೊಸೆ ನೇತ್ರಾಳಿಗೂ ಅದೇ. ಎದುರಿನವರು ತಮ್ಮ ಮಾತು ಮುಗಿಯಿತೆಂದುಕೊಂಡಿರುತ್ತಾರೆ. ಮತ್ತೆ ಮೊದಲಿನಿಂದ ಹೇಳತೊಡಗುತ್ತಾರೆ.

ಮೊಮ್ಮಗಳನ್ನು ಅವಳು ಮುದ್ದಿಸಿದ್ದನ್ನು ನಾನು ಕಂಡಿಲ್ಲ. ಕತೆ ಹೇಳುವುದಿಲ್ಲ, ಹಾಡುವುದಿಲ್ಲ; ಕೆಲಸ ಹಚ್ಚುತ್ತಾಳೆ. ಸಜ್ಜೆಯಲ್ಲಿ ಹರಳು ಆರಿಸುವುದು, ರೊಟ್ಟಿಗೆ ಎಳ್ಳು ಉದುರಿಸುವುದು, ಬಿಸಿ ಬಿಸಿ ಇರುವಾಗಲೇ ಅದನ್ನು ಮುರಿಯುವುದು. ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಪೇಟೆಯ ಬಣ್ಣದ ಎತ್ತುಗಳನ್ನು ತರಗೊಡದೆ, ಯಾರೋ ಪಾಯ ತೋಡುತ್ತಿದ್ದ ಕುಣಿಗೆ ಮೊಮ್ಮಗಳನ್ನು ಕರೆದೊಯ್ದು ಎರೆಮಣ್ಣು ತುಂಬಿಸಿಕೊಳ್ಳುತ್ತಿದ್ದಳು. ಕಟ್ಟಡದ ಗುತ್ತಿಗೆದಾರ ಓಡಿಬಂದ. “ಯಾರ ಮಣ್ಣ ಬೇ ಅದು? ಯಾರನ್ನ ಕೇಳಿ ಒಯ್ಯಾಕತ್ತಿ?”

“ಈ ಮಣ್ಣಾಗ ಎಂಟೆತ್ತಿನ ಬೇಸಾಯ ಮಾಡೇನಿ. ಎರಡ ಎತ್ತ ವಾಪಸ್ ಒಯ್ಯಾಕತ್ತೇನಿ,” ಎಂದು ಇವಳು ಬುಟ್ಟಿಯನ್ನು ವಿಜ್ಜಿಯ ತಲೆಯ ಮೇಲಿಟ್ಟಳು.

ಇಷ್ಟರವರೆಗೆ ಅವಳ ಹಟ ಬಡಾವಣೆಗೆ ತಮಾಷೆಯಾಗಿತ್ತು. ವಿಷಯ ಕೆಟ್ಟದ್ದು ಹೋದ ವರ್ಷದ ಎಳ್ಳ ಅಮಾವಾಸ್ಯೆಯಂದು.

ನಮ್ಮ ಸೀಮೆಯಲ್ಲಿ ಆ ದಿನ ಊರಲ್ಲಿ ಯಾರೂ ಉಳಿಯುವುದಿಲ್ಲ. ಹಿಂಗಾರಿ ಜೋಳ ಎದೆಯೆತ್ತರಕ್ಕೆ ನಿಂತಿರುತ್ತದೆ. ಬಸುರಿಯ ಬಯಕೆಯ ಊಟದಂತೆ ಭೂಮಿಗೆ ಕಡುಬು, ರೊಟ್ಟಿ, ಪಲ್ಯಗಳನ್ನು ಒಯ್ದು, ಎಲ್ಲವನ್ನೂ ಕಲಸಿ ಹೊಲದ ಸುತ್ತ ಎರಚುತ್ತಾರೆ. ಅದೇ ಚರಗ. ಅದಕ್ಕೆ ಇಬ್ಬರು ಬೇಕೇ ಬೇಕು. ಮುಂದಿನವರು ಎರಚುತ್ತ “ಹುಲ್ಲುಲ್ಲಿಗೋ” ಎಂದು ಕೂಗಬೇಕು, ಹಿಂದಿನವರು ತಂಬಿಗೆಯಿಂದ ನೀರು ಚಿಮುಕಿಸುತ್ತ “ಸಲಾಂಬ್ರಿಗೋ” ಎಂದು ಓಗೊಡಬೇಕು. ಭೂಮಿ ಉಂಡ ಮೇಲೆಯೇ ಮನುಷ್ಯರ ಊಟ. ಯಲ್ಲಾಲಿಂಗ ಇರುವತನಕ ಅವನು ಎರಚುತ್ತಿದ್ದ, ಇವಳು ತಂಬಿಗೆ ಹಿಡಿಯುತ್ತಿದ್ದಳು. ಅವನು ಹೋದ ಮೇಲೆ, ಹೊಲವೂ ಹೋದ ಮೇಲೆ, ಕೆಲವು ವರ್ಷ ಮನೆಯಂಗಳದಲ್ಲೇ ಒಂದು ಹಿಡಿ ಚೆಲ್ಲಿ ಸುಮ್ಮನಿದ್ದಳು. ಹೋದ ವರ್ಷ, ವಿಜ್ಜಿ ತಂಬಿಗೆ ಎತ್ತುವಷ್ಟು ಬೆಳೆದಾಗ, ಕೋಟು ತೊಟ್ಟು ಬುಟ್ಟಿ ಹೊತ್ತು ಹೊಲದ ಹಳೆಯ ನಾಲ್ಕೂ ಮೂಲೆ ಹಿಡಿದು ಹೊರಟೇಬಿಟ್ಟಳು. ದಾರಿಯಲ್ಲಿ ಯಾರ ಕಾಂಪೌಂಡು ಬಂದರೂ ಕಡುಬು ಗೋಡೆಯಾಚೆ ಬಿತ್ತು. ನನ್ನ ಅಂಗಳದಲ್ಲೂ ಬಿದ್ದಿತ್ತು. ಇರುವೆಗಳು ಸಂಜೆಯೊಳಗೆ ಸ್ವಚ್ಛ ಮಾಡಿದವು.

ಆದರೆ ಮೂಲೆಮನೆಯಲ್ಲಿ ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಬ್ಯಾಂಕಿನ ಅಧಿಕಾರಿಯೊಬ್ಬರಿದ್ದರು. ಅವರ ಕ್ಯಾಮೆರಾದಲ್ಲಿ ಕಂಡದ್ದು ಇಷ್ಟು: ಅಮಾವಾಸ್ಯೆಯ ದಿನ, ಜನವಿಲ್ಲದ ಬೀದಿ, ಗಂಡಸಿನ ಕೋಟು ತೊಟ್ಟ ಮುದುಕಿ, ಜೊತೆಗೊಂದು ಎಳೆಮಗು, ಏನೋ ಕೂಗುತ್ತ ಮನೆಯೊಳಕ್ಕೆ ಅನ್ನ ಎಸೆಯುತ್ತಿದ್ದಾರೆ. ಸಂಜೆ ಹೊಲಗಳಿಂದ ಎಲ್ಲರೂ ಮರಳುವ ಹೊತ್ತಿಗೆ ಆ ದೃಶ್ಯ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿತ್ತು. ನಮ್ಮವರೇ ಬೆಳಿಗ್ಗೆ ತಮ್ಮ ಹೊಲದಲ್ಲಿ ಚರಗ ಚೆಲ್ಲಿ ಬಂದವರು, ತಮ್ಮ ಅಂಗಳದ ಕಡುಬಿನ ತುಣುಕು ಕಂಡು ಹಿಂಜರಿದರು. ತನ್ನ ಹೊಲದಲ್ಲಿ ಬಿದ್ದರೆ ಚರಗ. ಅಮಾವಾಸ್ಯೆಯಂದು ಪರರ ಅಂಗಳದಲ್ಲಿ ಬಿದ್ದರೆ ಮಾಟ.

ಮರುದಿನ ಉದ್ಯಾನದಲ್ಲಿ ಸಭೆ ಸೇರಿತು. ಬಡಾವಣೆಯ ಸಂಘದ ಅಧ್ಯಕ್ಷರು ಬಸಲಿಂಗಯ್ಯನವರು, ನಿವೃತ್ತ ಅಧಿಕಾರಿ, ಮೆಲುಮಾತಿನವರು.

“ಗುರುಬಸವ್ವಾರ, ಚರಗ ಅಂದ್ರ ನಮಗೂ ಗೊತ್ತೈತ್ರಿ. ಬಬಲೇಶ್ವರದ ಕಡೆ ನಮ್ಮದೂ ಹೊಲ ಐತಿ. ಆದ್ರ ಮಂದಿ ಅಂಗಳದಾಗ ಚೆಲ್ಲಿದ್ರ ಅದಕ್ಕ ಬ್ಯಾರೆ ಹೆಸರೈತ್ರಿ.”

“ಆತ್ರಿ ಅಯ್ಯಾರ. ಮುಂದ?”

“ಮುಂದೇನ್ರಿ! ಹೊಲಾ ಮಾರೀರಿ. ಕಾಗದಾ ಆಗ್ಯಾವ.”

“ಹೊಲಾ ಮಾರೇನಿ, ಖರೇ. ಉಣಸೂದು ಮಾರಿಲ್ಲ. ಅದನ್ನ ಯಾವ ಕಾಗದದಾಗ ಬರದಾರ, ತೋರಸ್ರಿ.”

ಹಿಂದೆ ಯಾರೋ ನಕ್ಕರು. ಬ್ಯಾಂಕಿನವರ ಹೆಂಡತಿ ನಗಲಿಲ್ಲ. “ಮಗು ಇರೋ ಮನೆ ನಮ್ದು ಅಜ್ಜಿ. ನಮಗೆ ಭಯ ಆಗಲ್ವಾ?”

ಗುರುಬಸವ್ವ ಅವಳಿಗೆ ಹೇಳಿದಳು: “ಆ ಕಡಬಿನ್ಯಾಗ ಯಾಲಕ್ಕಿ ಹಾಕಿದ್ನೆವ್ವಾ. ಮಾಟಾ ಮಾಡಾಕ ಯಾರರೆ ಯಾಲಕ್ಕಿ ಕೆಡಸ್ತಾರೇನು?”

ಮಾತು ಅಲ್ಲಿಗೇ ಹಗುರಾಗಬಹುದಿತ್ತು. ಆದರೆ ಅರುಣಕುಮಾರ ಕೈಮುಗಿದು ಎದ್ದ. ಅಲ್ಲಿ ಕುಳಿತವರೆಲ್ಲ ಅವನ ಗಿರಾಕಿಗಳು. “ಇನ್ನ ಮ್ಯಾಲೆ ಹಿಂಗ ಆಗಂಗಿಲ್ರಿ. ನಾ ಜವಾಬ್ದಾರಿ,” ಎಂದ. ಅವಳು ಮಗನ ಕಡೆ ತಿರುಗಿದಳು. ಆಗ “ಆತು” ಎನ್ನಲಿಲ್ಲ, “ಮುಂದ?” ಎಂದು ಕೇಳಲೂ ಇಲ್ಲ.

ವರ್ಷವಿಡೀ ಆ ಮನೆಯಲ್ಲಿ ಈ ವಿಷಯ ಯಾರೂ ಎತ್ತಲಿಲ್ಲ. ಶಾಲೆಯಲ್ಲಿ ಒಬ್ಬ ಹುಡುಗ ಅಜ್ಜಿಯನ್ನು ಕುರಿತು “ನಿಮ್ಮ ಆಯಿ ಮಾಟಗಾರ್ತಿ” ಎಂದನಂತೆ, ವಿಜ್ಜಿ ಅವನಿಗೆ ನೀರಿನ ಬಾಟಲಿಯಿಂದ ಬಾರಿಸಿ ಬಂದಳು. ನೇತ್ರಾ ಬೈದಳು, ಗುರುಬಸವ್ವ ಬಾಟಲಿ ಬಿರುಕುಬಿಟ್ಟಿದೆಯೇ ಎಂದಷ್ಟೇ ನೋಡಿದಳು. ಅತ್ತ ಅವಳ ಬಲಭುಜ ಹಿಡಿದುಕೊಂಡಿತ್ತು, ಕೈ ಮೇಲೇಳುತ್ತಿರಲಿಲ್ಲ. ಮುಂದಿನ ಚರಗ ವಿಜ್ಜಿ ಎರಚತಕ್ಕದ್ದು, ತಾನು ಮತ್ತೆ ತಂಬಿಗೆಗೆ ಮರಳತಕ್ಕದ್ದು ಎಂದು ಅವಳು ಒಳಗೊಳಗೇ ಗೊತ್ತುಮಾಡಿಕೊಂಡಿದ್ದಳು. ಮಧ್ಯಾಹ್ನಗಳಲ್ಲಿ ಮಾಳಿಗೆಯ ಮೇಲೆ ಬುಟ್ಟಿಗೆ ಉಸುಕು ತುಂಬಿಸಿ ಮೊಮ್ಮಗಳಿಂದ ಎರಚಿಸುತ್ತಿದ್ದದ್ದು ನನ್ನ ಕಿಟಕಿಗೆ ಕಾಣುತ್ತಿತ್ತು. “ಕೋಳಿಗೆ ಕಾಳ ಹಾಕಿದಂಗ ಅಲ್ಲಲೇ. ತೋಳ ಬೀಸು. ದೂರದ ಭೂಮಿತಾಯಿಗೂ ಮುಟ್ಟಬೇಕು.”

ಈ ವರ್ಷದ ಅಮಾವಾಸ್ಯೆಯ ಹಿಂದಿನ ದಿನ ಮಗ ಬಾಗಿಲಲ್ಲಿ ನಿಂತು ಹೇಳಿದ: “ಯವ್ವಾ, ನೀ ಬೇಕಾದ್ರ ಹೋಗು. ಹುಡುಗಿ ಬರಂಗಿಲ್ಲ. ಮಂದಿ ಬಾಯಾಗ ಅಕಿನ್ನ ಹಾಕಬ್ಯಾಡ.”

“ಆತು. ಮುಂದ?”

“ಮುಂದೇನಿಲ್ಲ. ಇಷ್ಟ.”

“ನಂದೂ ಇಷ್ಟ. ಚರಗ ಆಗೂತನಾ ಈ ಮನ್ಯಾಗ ಯಾರೂ ಉಣ್ಣಂಗಿಲ್ಲ.”

ಬೆಳಗಿನ ಜಾವದಿಂದಲೇ ಅಡುಗೆಯಾಯಿತು. ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಬದನೆ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಎಲ್ಲವನ್ನೂ ಬುಟ್ಟಿಗೆ ತುಂಬಿ ಬಿಳಿ ಅರಿವೆ ಮುಚ್ಚಿ, ಕೋಟು ತೊಟ್ಟು, ಗುರುಬಸವ್ವ ಮನೆಯ ಮೆಟ್ಟಿಲ ಮೇಲೆ ಬುಟ್ಟಿ ಹಿಡಿದು ಕುಳಿತಳು. ವಿಜ್ಜಿ ಹೊಸ ಲಂಗ ತೊಟ್ಟು ಪಕ್ಕದಲ್ಲಿ ಕುಳಿತಳು. ನೇತ್ರಾ ಗಂಡನ ಪರವನ್ನೂ ವಹಿಸಲಿಲ್ಲ, ಅತ್ತೆಯ ಪರವನ್ನೂ ವಹಿಸಲಿಲ್ಲ. ಕೈಕಟ್ಟಿ ಕಂಬಕ್ಕೆ ಒರಗಿದಳು. ಬಿಸಿಲೇರಿತು. ಅರುಣಕುಮಾರ ಮೋಟರ್‌ಸೈಕಲ್ ಹೊರತೆಗೆದು ಖಾನಾವಳಿಯಲ್ಲಿ ಉಂಡುಬರುತ್ತೇನೆಂದು ಹೊರಟ, ಊರು ಸುತ್ತಿ ಬರಿಹೊಟ್ಟೆಯಲ್ಲಿ ತಿರುಗಿ ಬಂದ.

“ಖಾನಾವಳಿ ಮುಚ್ಚ್ಯಾವೇನಪಾ?” ಎಂದಳು ತಾಯಿ. “ಎಲ್ಲಾ ಮಂದಿ ಹೊಲಕ್ಕ ಹೋಗಿರಬೇಕು.”

“ಮಂದಿಗೆ ಹೊಲಾ ಅದಾವ ಬೇ ಯವ್ವಾ!”

“ನಮಗ ಹೊಲದ ಮ್ಯಾಲ ಮನಿ ಐತಿ. ಅವರಕಿಂತಾ ಸನೇದಾಗ ಅದೀವಿ.”

ಅವನು ಬಹಳ ಹೊತ್ತು ಅಂಗಳದಲ್ಲಿ ಅತ್ತಿಂದಿತ್ತ ನಡೆದ. ಕಡೆಗೆ, ತಾನೂ ಜೊತೆಗೆ ಬರುತ್ತೇನೆ, ಯಾರ ಗೇಟಿನೊಳಗೂ ಒಂದು ಅಗುಳು ಬೀಳಬಾರದು ಎಂದು ಷರತ್ತು ಹಾಕಿ ನೀರು ತುಂಬಿದ ಕೊಡ ಎತ್ತಿಕೊಂಡ. ಅವನ ಮನಸ್ಸು ಕರಗಿತು ಎನ್ನಲು ನನ್ನ ಬಳಿ ಪುರಾವೆಯಿಲ್ಲ. ಹೊಟ್ಟೆ ಹಸಿದಿತ್ತು ಎನ್ನಲು ಇದೆ.

ಮೆರವಣಿಗೆ ಹೊರಟಿತು, ತುಸು ದೂರದಲ್ಲಿ ನಾನೂ. ಮುಂದೆ ವಿಜ್ಜಿ ಬುಟ್ಟಿಯ ಪಾಲನ್ನು ಪರಾತದ ಅಗಲ ತಟ್ಟೆಯಲ್ಲಿ ಅವಚಿ ಹಿಡಿದು ತೋಳು ಬೀಸಿ ಎರಚುತ್ತಿದ್ದಳು, ಹಿಂದೆ ಅಜ್ಜಿ ಎಡಗೈಯಲ್ಲಿ ತಂಬಿಗೆ, ಅವಳ ಹಿಂದೆ ಕೊಡ ಹೊತ್ತು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಎಡಬಲ ನೋಡುವ ಮಗ. ರಸ್ತೆಯ ಅಂಚಿಗೇ ಬೀಳುತ್ತಿತ್ತು ಎಲ್ಲವೂ. ಜಿಲಾನಿಯವರ ಮನೆಯೆದುರು ಬಂದಾಗ ಅವರ ಹೆಂಡತಿ ಅಬೇದಾ ತಾನಾಗಿ ಗೇಟು ತೆರೆದಳು. “ಒಳಗ ಚೆಲ್ಲಸ ಬೇ ಯಕ್ಕಾ. ಕನಮಡಿ ಊರಾಗ ನಮ್ಮಪ್ಪನ ಹೊಲದಾಗ ನಾನೂ ತಂಬಗಿ ಹಿಡಕೊಂಡ ಓಡೇನಿ. ನನ್ನ ಗೋಡಿ ಏನ ಮೈಲಿಗಿ ಆಗಂಗಿಲ್ಲ.” ಅರುಣಕುಮಾರನ ಷರತ್ತು ಅಲ್ಲಿ ಮುರಿಯಿತು. ಬ್ಯಾಂಕಿನವರ ಮನೆಯ ಕಿಟಕಿಯಲ್ಲಿ ಪರದೆ ಸರಿಯಿತು, ಆದರೆ ಬಾಗಿಲು ತೆರೆಯಲಿಲ್ಲ.

ಕೊನೆಯ ಮೂಲೆ ಬಸಲಿಂಗಯ್ಯನವರದು. ಈ ಸಲ ತಮ್ಮ ಹೊಲಕ್ಕೂ ಹೋಗದೆ ಅವರು ಗೇಟು ಹಾಕಿ ಒಳಗೆ ನಿಂತಿದ್ದರು. ದೊಡ್ಡವರೊಡನೆ ಮಾತು ಬೆಳೆಸುವುದು ಬೇಡವೆಂದೋ ಏನೋ, ಮಗುವಿಗೇ ಹೇಳಿದರು: “ಏ ಕೂಸ, ಇಲ್ಲಿ ಚೆಲ್ಲಬ್ಯಾಡ. ಇದು ನಮ್ಮ ಜಾಗಾ.”

ಅರುಣಕುಮಾರ ಕೊಡ ಇಳಿಸಿದ. ವಿಜ್ಜಿ ತಿರುಗಿ ಅಜ್ಜಿಯ ಮುಖ ನೋಡುತ್ತಾಳೆಂದು ನಾನು ನಿರೀಕ್ಷಿಸಿದ್ದೆ, ಮಕ್ಕಳು ಹಾಗೆ ಮಾಡುತ್ತಾರೆ. ಅವಳು ನೋಡಲಿಲ್ಲ. ಗದ್ದ ಮೇಲೆತ್ತಿದಳು.

“ಆತ್ರಿ. ಮುಂದ?”

 ಹುಡುಗಿ ತೋಳು ಬೀಸಿ ಗೇಟಿನ ಮುಂದಿನ ರಸ್ತೆಗೆ ಎರಚಿದಳು. ಒಂದು ಕಡುಬು ಉರುಳಿ ಗೇಟಿನ ಅಡಿಯಿಂದ ಒಳಗೆ ಹೋಗಿ ಅವರ ಚಪ್ಪಲಿಯ ಹತ್ತಿರ ನಿಂತಿತು. “ಹುಲ್ಲುಲ್ಲಿಗೋ!” ಹಿಂದಿನಿಂದ ನೀರು ಬಿತ್ತು. “ಸಲಾಂಬ್ರಿಗೋ!” ಎಂದಳು ಗುರುಬಸವ್ವ. ಅವಳ ದನಿಯ ಜೊತೆ ಇನ್ನೊಂದು ದನಿ ಇತ್ತೇ ಎಂದು ಖಚಿತವಾಗಿ ಹೇಳಲಾರೆ. ಕೊಡದ ಪಕ್ಕ ನಿಂತ ಅರುಣಕುಮಾರನ ತುಟಿ ಅಲುಗಿದ್ದು ಮಾತ್ರ ನಿಜ. ಬಸಲಿಂಗಯ್ಯನವರು ಆ ದಿನ ಗೇಟು ತೆರೆಯಲಿಲ್ಲ. ಸಂಜೆ ಪೈಪು ಹಿಡಿದು ರಸ್ತೆ ತೊಳೆದರು. ಅಷ್ಟರೊಳಗೆ ಹಕ್ಕಿಗಳು ಬಂದು ಹೋಗಿದ್ದವು.

ಸಂಪ್ರದಾಯವನ್ನು ಉಳಿಸಬೇಕೆಂದು ವೇದಿಕೆ ಹತ್ತಿ ಹೇಳುವವರನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಚಪ್ಪಾಳೆ. ಗುರುಬಸವ್ವನ ಕುಲ ಬೇರೆ. ಎತ್ತು, ಬಾವಿ, ಬೆಳೆ, ನೆಲ, ಗಂಡ, ಎಲ್ಲವನ್ನೂ ಬಿಟ್ಟುಕೊಡುವಾಗ ಅಂಥವರು ಕಣ್ಣೀರು ಹಾಕುವುದಿಲ್ಲ, ಆದ್ದರಿಂದ ಅವರ ಬಳಿ ಇನ್ನೇನೂ ಉಳಿದಿಲ್ಲವೆಂದು ನಾವು ತಿಳಿಯುತ್ತೇವೆ. ಒಡೆತನ ಮುಗಿದ ದಿನ ಹೊಣೆಯೂ ಮುಗಿಯುತ್ತದೆ ಎಂಬುದು ನಮ್ಮಂಥ ಓದಿದವರ ಲೆಕ್ಕ. ಅವರು ಅದನ್ನು ಒಪ್ಪಿಲ್ಲ. ತಮಗೆ ಉಣಿಸಿದ ಮಣ್ಣಿಗೆ ಉಣಿಸುವುದಕ್ಕೆ ಅದು ತಮ್ಮದಾಗಿರಬೇಕೆಂದು ಅವರಿಗೆ ಯಾರೂ ಕಲಿಸಿಲ್ಲ. ಇಂಥವರ ನೆರೆಯಲ್ಲಿ ಬದುಕುವುದು ಸುಲಭವಲ್ಲ; ಗೋಡೆಯಾಚೆಯಿಂದ ಯಾವಾಗ ಏನು ಬೀಳುತ್ತದೋ ತಿಳಿಯದು. ಅವರು ನಮ್ಮ ಒಪ್ಪಿಗೆ ಕೇಳುವುದಿಲ್ಲ, ಮೆಚ್ಚುಗೆಯಂತೂ ಬೇಡವೇ ಬೇಡ. ಹಿಂದೆ ತಂಬಿಗೆ ಹಿಡಿದು ಬರಲು ಒಬ್ಬರು ಬೇಕು, ಅಷ್ಟೆ.