ನೊರೆಯೇಳದ ಭಾನುವಾರ

ವಯಾಪಾಮಿನ ಗುಡ್ಡಗಳ ಮೇಲೆ ಮುಂಜಾವಿನ ಮಂಜು ಕರಗುವ ಆ ಕ್ಷಣವನ್ನು ಏನೆಂದು ಬಣ್ಣಿಸಲಿ, ಸಹೃದಯನೇ! ಇರುಳ ಮಳೆಯಲ್ಲಿ ಮಿಂದ ಮೆಕ್ಕೆಜೋಳದ ಹೊಲಗಳು ಹೊಂಬಿಸಿಲಿಗೆ ಮೈಯೊಡ್ಡಿ ನಿಂತಿರುತ್ತವೆ. ಹುರಿದ ಕೋಕೋ ಬೀಜದ ಘಮ, ಬೂದಿನೀರಿನಲ್ಲಿ ಬೆಂದ ಜೋಳದ ಹಬೆ, ಒಣಗಿದ ಕೋಕೋಹೂವಿನ ಮಂದಸುಗಂಧ, ಎಲ್ಲವೂ ಬೆರೆತು ಮನೆಮನೆಯಿಂದ ಬೀದಿಗಿಳಿಯುತ್ತವೆ... ಇಗರ್ಜಿಯ ಗಂಟೆ ಈ ಊರಿಗೆ ಬರುವ ಎಷ್ಟೋ ಮೊದಲೇ ಇಲ್ಲಿನ ಹೆಂಗಸರು ಇವನ್ನೆಲ್ಲ ಅರೆದ ಹಿಟ್ಟನ್ನು ಬರಿಗೈಯಲ್ಲಿ ನಾದಿ, ತಣ್ಣೀರು ಹೊಯ್ದು ನೊರೆಯೆಬ್ಬಿಸಿ, ಹೊಲದಲ್ಲಿ ದಣಿದವರ ಹೊಟ್ಟೆ ತಂಪಾಗಿಸುತ್ತಿದ್ದರು. ಆ ಪಾನೀಯವೇ ತೆಹಾತೆ.

ಭಾನುವಾರದ ಸಂತೆಯಲ್ಲಿ ಎವೆಲಿಯಾಳ ತೆಹಾತೆಗೆ ಜನ ಮುಗಿಬೀಳುತ್ತಿದ್ದರು. ದೊಡ್ಡ ಮಣ್ಣಿನ ಬಾನಿಯೊಳಗೆ ಮೊಣಕೈವರೆಗೂ ತೋಳಿಳಿಸಿ ಅವಳು ಕಲಕತೊಡಗಿದರೆ ಬೆಳ್ನೊರೆ ಉಕ್ಕುಕ್ಕಿ ಬರುತ್ತಿತ್ತು. ಪಕ್ಕದಲ್ಲೇ ಬಣ್ಣ ಬಳಿದ ಸೋರೆಬುರುಡೆಯ ಬಟ್ಟಲುಗಳನ್ನು ಮಾರುತ್ತಿದ್ದ ಗಾಲ್ದಿನೋ ಆ ತೋಳಿಗೇ ಮನಸೋತವನು. ಮಳೆಗಾಲ ಕಳೆದೊಡನೆ ಊರ ರೂಢಿಯಂತೆ ಬ್ರೆಡ್ಡು, ಚಾಕೊಲೇಟು, ಮೇಣದಬತ್ತಿಗಳ ಬುಟ್ಟಿ ಹೊತ್ತು ಹೆಣ್ಣು ಕೇಳಲು ಬರುವೆನೆಂದು ಮಾತು ಕೊಟ್ಟಿದ್ದ.

ಅಂಥವನು ಒಂದು ಭಾನುವಾರ ಎಡವಿಬಿಟ್ಟ. ರಾಜಧಾನಿಯಿಂದ ಬಂದ ಸೊಗಸುಗಾರರ ಗುಂಪೊಂದು ಅವನ ಬಟ್ಟಲುಗಳನ್ನು ಮೆಚ್ಚುತ್ತಾ, ಬಾನಿಯೊಳಗಿನ ತೋಳನ್ನು ಕಂಡು ಮೂಗು ಮುರಿದು, ಇದನ್ನು ನೀನೂ ಕುಡಿಯುತ್ತೀಯಾ ಎಂದು ಕೇಳಿತು. ಅವರ ನಗುವಿಗೆ ಗಾಲ್ದಿನೋ ತನ್ನ ನಗುವನ್ನೂ ಸೇರಿಸಿದ.

“ನಾನು ಬಟ್ಟಲು ಮಾರೋನು ಅಷ್ಟೇ. ಅದರೊಳಗೆ ಬೀಳೋದರ ಬಗ್ಗೆ ನನ್ನ ಕೇಳ್ಬೇಡಿ.”

ಎವೆಲಿಯಾಗೆ ಅದು ಕೇಳಿಸಿತು. ಅವಳು ತಲೆಯೆತ್ತಲಿಲ್ಲ.

ಮುಂದಿನ ಭಾನುವಾರ ಅವಳು ಮಣಿಕಟ್ಟಿನವರೆಗೂ ತೋಳು ಮುಚ್ಚುವ ರವಿಕೆ ತೊಟ್ಟು ಬಂದು, ಮರದ ಸೌಟಿನಿಂದ ಕಲಕಿದಳು. ಹಿಟ್ಟು ತಳಕ್ಕಿಳಿಯಿತು, ನೀರು ಮೇಲೆ ನಿಂತಿತು, ನೊರೆ ಮಾತ್ರ ಏಳಲಿಲ್ಲ! ಮದುವೆಗೆ ಮುಂಚೆಯೇ ಕೈಗೆ ರಜೆ ಕೊಟ್ಟೆಯೇನೆಂದು ಪಕ್ಕದ ಬಾನಿಯ ಮುದುಕಿ ತಿಬುರ್ಸಿಯಾ ಛೇಡಿಸಿದಳು. ಬಂದವರು ಬೇರೆ ಬಾನಿಗಳತ್ತ ಸರಿದರು. ಗಾಲ್ದಿನೋನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಪೇಟೆಯವರ ಮುಂದೆ ದೊಡ್ಡವನಾಗುವ ಅರೆಗಳಿಗೆಯ ಆಸೆಗೆ ಅವನು ತಾನು ಪ್ರೀತಿಸಿದ್ದನ್ನೇ ಹೀಯಾಳಿಸಿದ್ದ.

ಸಂತೆ ಚೆದುರಿದ ಮೇಲೆ ಅವಳೆದುರು ನಿಂತು, ತಪ್ಪಾಯಿತೆಂದು, ನಾಲಗೆ ಜಾರಿತೆಂದು ತೊದಲಿದ. ಎವೆಲಿಯಾ ಬಾನಿ ತೊಳೆಯುತ್ತಲೇ ಹೇಳಿದಳು:

“ನೀನು ನಕ್ಕೆ, ಆಗ್ಲಿ. ಆಮೇಲೆ ನನ್ನ ಕೈ ನೋಡ್ಕೊಂಡ್ರೆ ನಂಗೇ ಹೇಸಿಗೆ ಅನ್ನಿಸ್ತು. ನಮ್ಮಮ್ಮಂದೂ ಇದೇ ಕೈ ಕಣೋ.”

ಏನು ಮಾಡಿದರೆ ಸರಿಹೋದೀತೆಂದು ಗಾಲ್ದಿನೋ ಕೇಳಿದ. ಅವಳು ತೊಳೆದ ಬಾನಿಯನ್ನು ಬೋರಲು ಹಾಕಿ, “ಶನಿವಾರ ನಮ್ಮ ಜೋಳ ಗಿರಣಿಗೆ ಹೋಗ್ಬೇಕು. ಹೊತ್ಕೊಂಡು ಹೋಗಿ ಸಾಲಲ್ಲಿ ನಿಲ್ತೀಯಾ?” ಎಂದಳು.

ವಯಾಪಾಮಿನಲ್ಲಿ ಗಿರಣಿಯ ಸಾಲು ಹೆಂಗಸರದು. ಗಂಡಸಾದವನು ಅಲ್ಲಿ ನಿಂತದ್ದನ್ನು ಕಂಡವರಿಲ್ಲ. ಆದರೂ ಗಾಲ್ದಿನೋ ಹೂಂ ಎಂದ.

ಶನಿವಾರ ಬೆಳಗಾಗುತ್ತಲೇ ಬೂದಿನೀರು ಸೋರುವ ಜೋಳದ ಬಕೆಟ್ಟು ಹೆಗಲಿಗೇರಿಸಿ ಅವನು ಹೋಗಿ ನಿಂತ. ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ಲಂಗ ಮನೇಲೇ ಮರೆತು ಬಂದ್ಯಲ್ಲೋ ಗಾಲ್ದಿನೋ,” ಎಂದಳು ತಿಬುರ್ಸಿಯಾ.

ಕಿವಿ ಕೆಂಡವಾದರೂ ಅವನು ಸಾಲು ಬಿಡಲಿಲ್ಲ. ಎದುರುಬದಿಯ ಗೋಡೆಗೊರಗಿ ನೋಡುತ್ತಿದ್ದ ಎವೆಲಿಯಾ ಬೀದಿ ದಾಟಿ ಬಂದು, ಎಲ್ಲರೂ ನೋಡುತ್ತಿರುವಂತೆಯೇ, ಬಕೆಟ್ಟಿಗೆ ತಾನೂ ಒಂದು ಕೈ ಹಾಕಿ ಅವನ ಪಕ್ಕ ನಿಂತಳು. ಈಗ ನಗು ಅವಳ ಪಾಲಿಗೂ ಬಂತು.

ಮನುಷ್ಯನಿಗೆ ಸಂತೋಷದಲ್ಲಿ ಜೊತೆಗಾರರು ಬಹಳ, ಸಹೃದಯನೇ. ತಲೆ ತಗ್ಗಿಸಿ ನಿಂತಾಗ ಪಕ್ಕಕ್ಕೆ ಬಂದು ನಿಲ್ಲುವವರು ಎಲ್ಲೋ ಒಬ್ಬರು. ಆ ಒಬ್ಬಳನ್ನೇ ತಾನು ನೋಯಿಸಿದ್ದೆನೆಂಬ ಅರಿವಿನಿಂದ, ಊರೆಲ್ಲ ನಕ್ಕಾಗಲೂ ಆಗದಷ್ಟು ನಾಚಿಕೆ ಗಾಲ್ದಿನೋನಿಗೆ ಆಗ ಆಯಿತು.