ಸೀನದ ನಾಲ್ಕು ಹೆಗಲು

"ಎತ್ತಿ," ಎಂದು ಊರುಗೌಡ ಚೆನ್ನಕೇಶವ ಹೇಳಿದ್ದೇ ತಡ, ನಾಲ್ವರು ಚಟ್ಟವನ್ನು ಹೆಗಲಿಗೇರಿಸಿದರು. ಏರಿಸಿದ್ದೇ ತಡ, ಮುಂದೆ ಬಲಗಡೆ ಇದ್ದವನು ಸೀನಿದ.

ಒಂಟಿ ಸೀನು. ಅಂಗಳದಲ್ಲಿ ನೆರೆದಿದ್ದ ಅಜ್ಜಾವರದವರೆಲ್ಲ ಅವನ ಮೂಗನ್ನೇ ನೋಡುತ್ತ ಇನ್ನೊಂದಕ್ಕೆ ಕಾದರು. ಎರಡನೆಯದು ಬಂದರೆ ಶುಭ. ಬಾರದಿದ್ದರೆ ಹೊರಟವನು ನಿಲ್ಲಬೇಕು, ಸ್ವಲ್ಪ ಕುಳಿತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಹೆಣ್ಣು ನೋಡಲು ಹೊರಟವನಿಗೂ ಅದೇ, ಕೋರ್ಟಿಗೆ ಹೊರಟವನಿಗೂ ಅದೇ. ಸುಡುವಲ್ಲಿಗೆ ಹೊರಟವನಿಗೆ ಬೇರೆ ನಿಯಮವಿದೆಯೆಂದು ಯಾರೂ ಕೇಳಿರಲಿಲ್ಲ.

ಎರಡನೆಯದು ಬರಲಿಲ್ಲ.

"ಇಳಿಸಿ," ಎಂದರು ಚೆನ್ನಕೇಶವ.

ಇಳಿಸಿದರು. ಚಟ್ಟದ ಮೇಲಿದ್ದ ಡೊಂಬಯ್ಯ ಗೌಡರು ಎಂಬತ್ತು ದಾಟಿದವರು, ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದರು. ಅವರನ್ನು ಎಬ್ಬಿಸಿ ಕೂರಿಸುವ ಹಾಗಿಲ್ಲ. ಆದ್ದರಿಂದ ಹೆಂಡತಿ ಕಮಲಾವತಿ ಬಂದು ಬಾಯಿಗೆ ಇನ್ನೊಮ್ಮೆ ತುಳಸಿ ನೀರು ಬಿಟ್ಟರು. ಕುಡಿದ ಲೆಕ್ಕ.

ಎರಡನೆಯ ಸಲ ಎತ್ತಿದಾಗ ಮುಂದಿನವನೊಮ್ಮೆ, ಹಿಂದಿನವನೊಮ್ಮೆ ಸೀನಿದರು. ಈಗ ದೊಡ್ಡ ತರ್ಕವೇ ಹುಟ್ಟಿತು.

"ಎರಡಾಯ್ತಲ್ಲ, ಹೊರಡುವ," ಎಂದ ಒಬ್ಬ.

"ಇಬ್ಬರದ್ದು ಒಂದೊಂದು ಸೇರಿಸಿ ಎರಡು ಮಾಡುದು ಎಲ್ಲಿಯ ಲೆಕ್ಕ ಮಾರಾಯ? ಅದು ಎರಡು ಒಂಟಿ ಸೀನು. ಅಪಶಕುನ ಡಬ್ಬಲ್."

ಮತ್ತೆ ಇಳಿಸಿದರು, ಮತ್ತೆ ನೀರು. ಮೂರನೆಯ ಸಲ ಮಗ ರೂಪೇಶನೇ ಮುಂದೆ ಹೆಗಲು ಕೊಟ್ಟ. ಅವನು ತಡೆದ ಸೀನು ಕಣ್ಣಲ್ಲಿ ನೀರಾಗಿ ಬಂತು. ನೋಡಿದ ಹೆಂಗಸರು ಪಾಪ, ಈಗ ದುಃಖ ಉಕ್ಕಿತು ಎಂದು ತಾವೂ ಅತ್ತರು. ಅಷ್ಟರಲ್ಲಿ ಅವನು ಸೀನಿಯೇಬಿಟ್ಟ. ಡೊಂಬಯ್ಯ ಗೌಡರು ಬದುಕಿದ್ದಾಗ ಒಂದೇ ದಿನ ಇಷ್ಟು ನೀರು ಕುಡಿದದ್ದಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು, ಹೇಳುವ ಧೈರ್ಯ ಇರಲಿಲ್ಲ. ಹೆಣದ ಮೇಲೆ ಹೊದಿಸಿದ್ದ ಹಸಿರು ಶಾಲು. ಅರುವತ್ತು ವರ್ಷ ನಸ್ಯ ಎಳೆದ ಮನುಷ್ಯ ಬೆರಳು ಒರೆಸಿದ್ದು ಅದಕ್ಕೇ, ಮೂಗು ಒರೆಸಿದ್ದೂ ಅದಕ್ಕೇ. ಚಟ್ಟ ಮೇಲೇರುವಾಗಲೆಲ್ಲ ಶಾಲಿನ ತುದಿ ಪಟಪಟ ಹಾರುತ್ತಿತ್ತು, ಹೊತ್ತವರ ಮುಖಕ್ಕೆ ಸಣ್ಣ ಧೂಳು ಏಳುತ್ತಿತ್ತು.

"ಅಕ್ಕ, ಶಾಲು ಒಂದು ತೆಗೆದುಬಿಟ್ರೆ..." ಎಂದು ಚೆನ್ನಕೇಶವ ಮೆಲ್ಲಗೆ ಶುರುಮಾಡಿದರು.

"ತೆಗೆಯುದು ಬೇಡ," ಎಂದರು ಕಮಲಾವತಿ. "ಸೆಖೆಗಾಲದಲ್ಲೂ ಅದನ್ನೇ ಹೊದ್ದವರು. ಹೋಗುವಾಗ ಚಳಿಯಲ್ಲಿ ಕಳಿಸಲಿಕ್ಕೆ ನನಗೆ ಮನಸ್ಸಿಲ್ಲ."

ಬೆಂಕಿಗೆ ಹೋಗುವವರಿಗೆ ಎಂಥ ಚಳಿ ಎಂದು ಕೇಳುವಷ್ಟು ದಡ್ಡರು ಅಲ್ಲಿ ಯಾರೂ ಇರಲಿಲ್ಲ.

ಮೂಗೊರೆಸಿಕೊಂಡ ರೂಪೇಶನ ಸಿಟ್ಟು ಈಗ ಬೇರೆ ಕಡೆ ತಿರುಗಿತು. ಬೆಳಗ್ಗೆ ಅಪ್ಪನ ದಿಂಬಿನ ಅಡಿಯಲ್ಲಿ ನಸ್ಯದ ಪೊಟ್ಟಣ ಸಿಕ್ಕಿದಾಗಿನಿಂದ ಅವನು ಬಂದವರ ಮುಖವನ್ನೆಲ್ಲ ಪೊಲೀಸಿನ ಹಾಗೆ ನೋಡುತ್ತಿದ್ದ. ಮನೆಗೆ ಬಂದು ನೋಡಿದ ಡಾಕ್ಟರು ಹೃದಯ ನಿಂತದ್ದು, ವಯಸ್ಸಾಯ್ತಲ್ಲ ಎಂದಿದ್ದರು. ಅದು ಅವನ ಕಿವಿಗೆ ಹೋಗಿರಲಿಲ್ಲ.

"ಪುತ್ತೂರಿನ ಡಾಕ್ಟರು ನಸ್ಯ ದಮ್ಮಿಗೆ ಆಗುದಿಲ್ಲ, ನಿಲ್ಲಿಸಿ ಅಂದ ದಿನವೇ ನಾನು ಡಬ್ಬಿ ಬಿಸಾಡಿದ್ದೆ," ಎಂದ ಎಲ್ಲರಿಗೂ ಕೇಳುವ ಹಾಗೆ. "ಆಮೇಲೆ ಯಾರೋ ತಂದು ಕೊಡ್ತಾ ಇದ್ರು. ಕೊಟ್ಟವರೇ ನನ್ನ ಅಪ್ಪನನ್ನು ಕೊಂದದ್ದು. ಯಾರೂಂತ ಗೊತ್ತಾಗ್ಲಿ, ಈ ಜನ್ಮದಲ್ಲಿ ಅವರ ಮುಖ ನೋಡುದಿಲ್ಲ."

ಹೇಳಿದ್ದು ಎಲ್ಲರಿಗೆ, ನೋಡಿದ್ದು ಅಂಗಡಿಯ ಅಲಿ ಕುಂಞಿಯನ್ನು. ಅಲಿ ಕುಂಞಿ ಡೊಂಬಯ್ಯ ಗೌಡರ ಹಳೇ ಜೊತೆಗಾರ. ಊರಿನಲ್ಲಿ ನಸ್ಯ ಸಿಗುವುದು ಅವನ ಅಂಗಡಿಯಲ್ಲಿ ಮಾತ್ರ. ಅವನು ಟೊಪ್ಪಿ ಸರಿಮಾಡಿಕೊಂಡು ತೆಂಗಿನ ಮರದ ತುದಿ ನೋಡಿದ.

ಜಗಲಿಯ ಕಂಬಕ್ಕೊರಗಿ ನಿಂತಿದ್ದ ಸುರಕ್ಷಾ ತಲೆ ತಗ್ಗಿಸಿದಳು. ಹದಿನಾರರ ಹುಡುಗಿ, ರೂಪೇಶನ ಒಬ್ಬಳೇ ಮಗಳು.

*

ಹೋದ ವರ್ಷ ಸುಳ್ಯದಲ್ಲಿ ಭಾಷಣ ಸ್ಪರ್ಧೆ ನಡೆದಿತ್ತು. ಇಂಥ ವರ್ಷದಿಂದ ಈಚೆ ಹುಟ್ಟಿದವರಿಗೆ ಜೀವಮಾನವಿಡೀ ತಂಬಾಕು ಮಾರಬಾರದೆಂಬ ಕಾನೂನು ಬರಬೇಕೋ ಬೇಡವೋ ಎಂಬುದು ವಿಷಯ. ಕಾನೂನು ಬರಲೇಬೇಕೆಂದು ಸುರಕ್ಷಾ ಮೇಜು ಗುದ್ದಿ ಮಾತಾಡಿದಳು. ವ್ಯಸನಮುಕ್ತ ಸಮಿತಿಯ ಅಧ್ಯಕ್ಷರೂ ಆಗಿದ್ದ ಚೆನ್ನಕೇಶವರ ಕೈಯಿಂದ ಮೊದಲ ಬಹುಮಾನ ತಗೊಂಡಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅಜ್ಜ.

ಮನೆಗೆ ಬಂದ ಮೇಲೆ ಅಜ್ಜ ಅವಳನ್ನು ಹತ್ತಿರ ಕರೆದರು.

"ಪುಳ್ಳಿ, ನಿನ್ನ ಕಾನೂನು ಬಂದ್ರೆ ನನಗೆ ಎಂತ ಆಗ್ತದೆ?"

"ನಿಮಗೆ ಎಂತ ಇಲ್ಲ ಅಜ್ಜ. ಎರಡು ಸಾವಿರದ ಒಂಬತ್ತರಿಂದ ಈಚೆಯವರಿಗೆ ಮಾತ್ರ. ನನಗೆಲ್ಲ."

"ನಾನು ಬ್ರಿಟಿಷರು ಇರುವಾಗ ಹುಟ್ಟಿದವ. ನನಗೆ ಸಾಯುವವರೆಗೆ ಉಂಟಲ್ಲ?"

"ಉಂಟು."

"ಮತ್ತೆ ನಿನ್ನ ಅಪ್ಪ ಯಾವ ಕಾನೂನಿನಲ್ಲಿ ನನ್ನ ಡಬ್ಬಿ ಬಿಸಾಡಿದ್ದು?"

ಸುರಕ್ಷಾ ತನ್ನ ಭಾಷಣದ ಹಾಳೆಯನ್ನು ಮತ್ತೆ ತೆಗೆದು ನೋಡಿದಳು. ಎರಡು ದಿನ ಯೋಚಿಸಿದಳು. ಎತ್ತ ಕಡೆಯಿಂದ ನೋಡಿದರೂ ನ್ಯಾಯ ಅಜ್ಜನ ಕಡೆಗೇ ಇತ್ತು. ಮೂರನೆಯ ದಿನ ಅಲಿ ಕುಂಞಿಯ ಅಂಗಡಿಗೆ ಹೋದಳು.

"ಹದಿನೆಂಟು ಆಗದವರಿಗೆ ಕೊಡುವ ಹಾಗಿಲ್ಲ. ಬೋರ್ಡು ಕಾಣುದಿಲ್ವಾ?" ಎಂದ ಅವನು.

"ನನಗಲ್ಲ. ಅಜ್ಜನಿಗೆ."

ಅಲಿ ಕುಂಞಿ ಗಡ್ಡ ತುರಿಸಿದ. ಆಮೇಲೆ ಕೊತ್ತಂಬರಿ ಪೊಟ್ಟಣದ ಒಳಗೆ ಇನ್ನೊಂದು ಪೊಟ್ಟಣ ಇಟ್ಟು ಕಟ್ಟಿದ.

"ನಾನು ಕೊಡುದು ಡೊಂಬಯ್ಯಣ್ಣನಿಗೆ. ನೀನು ಬರೀ ಬಸ್ಸು. ಬಸ್ಸಿಗೆ ವಯಸ್ಸು ಕೇಳುವವರಿಲ್ಲ."

ಆದರೆ ಬಸ್ಸಿನ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಅಜ್ಜನ ಕೈ ನಡುಗುತ್ತಿತ್ತು. ಚಿಟಿಕೆ ತುಂಬ ತೆಗೆದರೆ ಮೂಗಿಗೆ ತಲುಪುವಾಗ ಬೆರಳಷ್ಟೇ ಉಳಿಯುತ್ತಿತ್ತು, ಉಳಿದದ್ದೆಲ್ಲ ಶಾಲಿಗೆ. ನೋಡಲಾರದೆ ಅವಳೇ ಚಿಟಿಕೆ ಹಿಡಿದು ಮೂಗಿಗಿಡತೊಡಗಿದಳು, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಪ್ರತಿಸಲವೂ ಅಜ್ಜ ಮೊದಲು ನಡುಗುವ ಕೈಯಲ್ಲಿ ಅವಳ ಕೆನ್ನೆ ಹಿಡಿದು ಮುಖವನ್ನು ಆಚೆ ತಿರುಗಿಸುತ್ತಿದ್ದರು.

"ನೀನು ಉಸಿರು ಎಳೀಬೇಡ. ನಿನಗೆ ಕಾನೂನು ಉಂಟು."

ಮೊದಮೊದಲು ಆದರೂ ಸೀನುತ್ತಿದ್ದಳು. ಆಮೇಲೆ ಅದೂ ನಿಂತಿತು.

*

ಬಿಸಿಲೇರಿತು. ರಬ್ಬರು ತೋಟದ ಕೆಳಗೆ ಸೌದೆ ಒಟ್ಟಿದವರು ಇನ್ನೂ ಹೊರಟಿಲ್ಲವಾ ಎಂದು ಎರಡು ಸಲ ಫೋನು ಮಾಡಿದರು.

"ಇದಕ್ಕೆ ಒಂದೇ ದಾರಿ," ಎಂದರು ಚೆನ್ನಕೇಶವ. "ನಸ್ಯ ಅಭ್ಯಾಸ ಇದ್ದವರು ಹೊರಬೇಕು. ಅವರು ಸೀನುದಿಲ್ಲ. ಯಾರುಂಟು?"

ಹರೆಯದವರು ಹಿಂದೆ ಸರಿದರು. ಒಬ್ಬನಿಗಾದರೂ ಅಭ್ಯಾಸ ಇರಬೇಡವೇ? ಕಾನೂನು ಬರುವ ಮೊದಲೇ ಇಡೀ ಒಂದು ತಲೆಮಾರು ಶುದ್ಧವಾಗಿ ನಿಂತಿತ್ತು, ಕೆಲಸಕ್ಕೆ ಬಾರದೆ.

ಅಲಿ ಕುಂಞಿ ಮುಂದೆ ಬಂದ. ಅವನ ಹಿಂದೆ ಬಸ್ಸಿನ ಡ್ರೈವರಾಗಿದ್ದ ಮೋನಪ್ಪ ಮೊಣಕಾಲು ಹಿಡಿದುಕೊಂಡು ಬಂದರು.

"ಇನ್ನೂ ಇಬ್ಬರು ಬೇಕು," ಎಂದ ಯಾರೋ.

ಊರುಗೌಡರು ಒಮ್ಮೆ ಕೆಮ್ಮಿದರು. ಪಂಚೆಯ ಮಡಿಕೆಯಲ್ಲಿ ಏನೋ ಒಳಗೆ ತಳ್ಳಿ, ಹೆಗಲ ಮೇಲಿನ ಬೈರಾಸು ಸೊಂಟಕ್ಕೆ ಕಟ್ಟಿದರು.

"ಒಮ್ಮೊಮ್ಮೆ," ಎಂದರು ವ್ಯಸನಮುಕ್ತ ಸಮಿತಿಯ ಅಧ್ಯಕ್ಷರು. "ತಲೆನೋವಿಗೆ ಮಾತ್ರ."

ಸಾವಿನ ಮನೆ ಆದ ಕಾರಣ ಯಾರೂ ನಗಲಿಲ್ಲ. ಕೆಲವರು ಅಂಗಳದಿಂದಾಚೆ ಹೋಗಿ ಬಂದರು.

ಮೂವರಾದರು. ನಾಲ್ಕನೆಯ ಹೆಗಲು ಇಲ್ಲ.

ಸುರಕ್ಷಾ ಇನ್ನೂ ಕಂಬದ ಹತ್ತಿರವೇ ಇದ್ದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಲಿ ಕುಂಞಿ ಬಾಯಿ ಬಿಡುವವನಲ್ಲ. ಅಪ್ಪ ಅವನನ್ನು ಬೈದುಕೊಂಡೇ ಇರುತ್ತಾನೆ, ತನ್ನ ಮುಖ ನೋಡುತ್ತಲೇ ಇರುತ್ತಾನೆ. ಅಪ್ಪ ತನ್ನ ಮುಖ ನೋಡದ ಮನೆಯನ್ನು ಅವಳಿಗೆ ಯೋಚಿಸಲೂ ಆಗಲಿಲ್ಲ. ಆದರೆ ಅಜ್ಜ ಅಲ್ಲಿ ಬಿಸಿಲಿನಲ್ಲಿ ಮಲಗಿದ್ದರು, ಮುಖಕ್ಕೆ ನೊಣ ಬರುತ್ತಿತ್ತು.

ಅವಳು ಅಂಗಳಕ್ಕಿಳಿದು ಚಟ್ಟದ ಖಾಲಿ ಮೂಲೆಯಲ್ಲಿ ನಿಂತಳು.

"ನೀನೆಂತಕ್ಕೆ?" ಎಂದ ರೂಪೇಶ.

"ನಾನು ಸೀನುದಿಲ್ಲ ಅಪ್ಪ."

ಎಲ್ಲರಿಗೂ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ರೂಪೇಶನಿಗೆ ಎಲ್ಲರಿಗಿಂತ ಹೆಚ್ಚು.

"ನೀನು ಎಳೀತೀಯಾ?"

"ಇಲ್ಲ. ಅಜ್ಜನ ಕೈ ನಡುಗ್ತಿತ್ತು. ನಾನು ಹಾಕ್ತಿದ್ದೆ. ದಿನಾಲೂ. ತಂದದ್ದೂ ನಾನೇ." ಅವಳು ಚಟ್ಟದ ಬಿದಿರಿಗೆ ಕೈ ಹಾಕಿದಳು. "ಅಲಿ ಕುಂಞಿ ಮಾಮನಿಗೆ ಬೈಬೇಡಿ."

"ಹೆಣ್ಣುಮಕ್ಕಳು ಹೊರುದುಂಟಾ?" ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಸೀನದ ಗಂಡಸು ಇದ್ರೆ ಬರ್ಲಿ," ಎಂದರು ಕಮಲಾವತಿ. ಯಾರೂ ಬರಲಿಲ್ಲ.

ಚೆನ್ನಕೇಶವ ಈ ಸಲ ಎತ್ತಿ ಎನ್ನಲಿಲ್ಲ, ಸುಮ್ಮನೆ ಎತ್ತಿದರು. ಉಳಿದ ಮೂವರೂ ಎತ್ತಿದರು. ಶಾಲು ಹಾರಿತು, ಧೂಳು ಎದ್ದಿತು. ನಾಲ್ವರಲ್ಲಿ ಒಬ್ಬರೂ ಸೀನಲಿಲ್ಲ. ಹುಡುಗಿಯ ಕಡೆ ಚಟ್ಟ ವಾಲೀತೆಂದು ಹೆದರಿದವರಿದ್ದರು. ಆದರೆ ಮೂವರು ಮುದುಕರ ಬೆನ್ನೂ ಬಾಗಿ ಬಾಗಿ ಅವಳ ಎತ್ತರಕ್ಕೇ ಬಂದು ನಿಂತಿತ್ತು. ಡೊಂಬಯ್ಯ ಗೌಡರು ಸಮವಾಗಿ ಮಲಗಿ ಗೇಟು ದಾಟಿದರು.

ಗೇಟಿನಾಚೆ ರೂಪೇಶ ದಾಪುಗಾಲಿಟ್ಟು ಮಗಳ ಪಕ್ಕಕ್ಕೆ ಬಂದ. ಈಗ ಹೊಡೆಯುತ್ತಾನೆ ಎಂದುಕೊಂಡು ಅವಳು ಕಣ್ಣು ಮುಚ್ಚಿದಳು. ಬಿದಿರು ಅವಳ ಹೆಗಲಿನ ಎಲುಬಿನ ಮೇಲೆ ಕೂತು ಅಲ್ಲಿ ಆಗಲೇ ಕೆಂಪಾಗಿತ್ತು. ಅವನು ಇಳಿಬಿದ್ದಿದ್ದ ಶಾಲಿನ ತುದಿಯನ್ನು ನಾಲ್ಕು ಮಡಿಕೆ ಮಾಡಿ, ಬಿದಿರನ್ನು ಸ್ವಲ್ಪ ಎತ್ತಿ ಹಿಡಿದು, ಅವಳ ಹೆಗಲಿಗೂ ಬಿದಿರಿಗೂ ನಡುವೆ ಇಟ್ಟ. ಇಡುವಾಗ ಸೀನಿದ, ಒಂದೇ ಒಂದು.

ಮೋನಪ್ಪ ನಿಲ್ಲುವುದೋ ಎಂಬಂತೆ ಊರುಗೌಡರ ಕಡೆ ನೋಡಿದರು.

"ಕೇಳಲಿಲ್ಲ," ಎಂದರು ಚೆನ್ನಕೇಶವ. "ನಡೀರಿ."

ರೂಪೇಶ ತೋಳಿನಲ್ಲಿ ಮೂಗು ಒರೆಸಿಕೊಂಡ. ಆಮೇಲೆ ದಾರಿಯುದ್ದಕ್ಕೂ, ಶಾಲು ಜಾರದ ಹಾಗೆ, ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು ಸೀನುತ್ತ ನಡೆದ.