ಹನ್ನೆರಡನೇ ಕಾಗದ

ಗೋಡೆಯಾಚೆ ಒಂಬತ್ತನೇ ತರಗತಿಯ ಮಕ್ಕಳು ನಗುತ್ತಿದ್ದರು. ಗೋಡೆಯೀಚೆ ಹತ್ತನೇ ತರಗತಿಯಲ್ಲಿ ದೊಡ್ಡ ಮೇಡಂ ಒಂದು ಹಳೆಯ ಒಪ್ಪಂದದ ಐದು ಷರತ್ತುಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಮೂರನೆಯದಕ್ಕೆ ಬರುವ ಹೊತ್ತಿಗೆ ಆಚೆಯ ನಗು ಚಪ್ಪಾಳೆಗೆ ತಿರುಗಿತು. ಕೈಯಲ್ಲಿದ್ದ ಸೀಮೆಸುಣ್ಣ ಪಟ್ಟೆಂದು ಮುರಿಯಿತು.

"ಅಲ್ಲಿ ಏನೋ ನಾಟಕ ನಡೀತಿದೆ, ನಮಗ್ಯಾಕೆ. ನಾಲ್ಕನೇ ಷರತ್ತು ಬರ್ಕೊಳ್ಳಿ," ಎಂದರು. ಮೂರನೆಯದನ್ನು ಅವರು ಬರೆದೇ ಇರಲಿಲ್ಲ.

ಆಚೆ ಪಾಠ ಮಾಡುತ್ತಿದ್ದವಳು ಬೇರೆ ಯಾರೂ ಅಲ್ಲ, ಅವರ ಸ್ವಂತ ತಂಗಿ. ಹನ್ನೊಂದು ವರ್ಷ ಕರಿಕೋಟು ತೊಟ್ಟು ವಕೀಲಿ ಮಾಡಿ, "ಸಾಕಾಯ್ತಕ್ಕ, ಇನ್ನು ಮಕ್ಕಳಿಗೆ ಪಾಠ ಹೇಳ್ಕೊಂಡಿರ್ತೀನಿ," ಎಂದು ಬಂದವಳು. ಕಾನೂನು ಪಾಠಕ್ಕೆ ನಮ್ಮ ಶಾಲೆಯಲ್ಲಿ ಜಾಗ ಖಾಲಿಯಿದೆ ಎಂದು ತಿಳಿಸಿದ್ದೂ, ಕೈಹಿಡಿದು ಕರೆತಂದು ಹೆಡ್‌ಮಿಸ್ ಮುಂದೆ ಕೂರಿಸಿದ್ದೂ ಇದೇ ಅಕ್ಕ. ಮಾಡಿದ್ದುಣ್ಣೋ ಮಹರಾಯ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಹತ್ತೊಂಬತ್ತು ವರ್ಷ ಇತಿಹಾಸ ಹೇಳಿಕೊಟ್ಟು ಬರೀ 'ಮೇಡಂ' ಆಗಿದ್ದವರು ತಂಗಿ ಬಂದ ಒಂದೇ ವಾರಕ್ಕೆ 'ದೊಡ್ಡ ಮೇಡಂ' ಆದರು, ಅವಳು 'ಚಿಕ್ಕ ಮೇಡಂ'. ಇದನ್ನು ಬಡ್ತಿ ಎನ್ನಬೇಕೋ, ಮುದುಕಿಯಾದೆ ಎಂದುಕೊಳ್ಳಬೇಕೋ ಅವರಿಗೆ ತಿಳಿಯಲಿಲ್ಲ.

ಚಿಕ್ಕ ಮೇಡಂ ಪಾಠವೆಂದರೆ ಬೆಂಚುಗಳೆಲ್ಲ ಗೋಡೆಗೆ ಸರಿಯುತ್ತಿದ್ದವು. ಮೇಜನ್ನು ನಡುವೆ ಎಳೆದರೆ ನ್ಯಾಯಪೀಠ, ಕುರ್ಚಿ ತಿರುಗಿಸಿಟ್ಟರೆ ಸಾಕ್ಷಿಕಟ್ಟೆ. ಕದ್ದ ಸೈಕಲ್ಲಿನ ಕೇಸು, ಒಡೆದ ಕಿಟಕಿಯ ಕೇಸು, ಪಕ್ಕದ ಮನೆಯ ನಾಯಿ ಕಚ್ಚಿದ ಕೇಸು. ಮಕ್ಕಳೇ ವಕೀಲರು, ಮಕ್ಕಳೇ ಸಾಕ್ಷಿಗಳು. ಮಾತುಮಾತಿಗೂ ಎದ್ದು ನಿಂತು "ಆಕ್ಷೇಪಣೆ ಇದೆ" ಎನ್ನುತ್ತಿದ್ದ ಒಬ್ಬ ಹುಡುಗಿಗಂತೂ ಆಕ್ಷೇಪಣೆ ಎಂದೇ ಹೆಸರು ಬಿತ್ತು. ಹೋದ ವರ್ಷ ಇದೇ ಹುಡುಗಿ ಊಟದ ಬಿಡುವಿನಲ್ಲೂ ನೋಟ್‌ಬುಕ್ ಹಿಡಿದು ದೊಡ್ಡ ಮೇಡಂ ಹಿಂದೆ ಹಿಂದೆ ತಿರುಗುತ್ತಿದ್ದಳು. ಈಗ ಕಾರಿಡಾರಿನಲ್ಲಿ ಎದುರು ಸಿಕ್ಕರೆ ನಮಸ್ಕಾರ ಹೇಳಿ ಓಡುತ್ತಾಳೆ, ಅವಳ ಕೇಸಿಗೆ ಹೊತ್ತಾಗಿರುತ್ತದೆ.

"ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ನೋಡೋಣ, ಎಷ್ಟು ದಿನ ಅಂತ," ಎಂದು ದೊಡ್ಡ ಮೇಡಂ ಸ್ಟಾಫ್ ರೂಮಿನಲ್ಲಿ ಡ್ರಿಲ್ ಮಾಸ್ತರರ ಮುಂದೆ ಹೇಳಿದರು.

"ಆದ್ರೂ ಮಕ್ಕಳು ಆಟದ ಪೀರಿಯಡ್ ಬಿಟ್ಟು ಅಲ್ಲಿ ಹೋಗಿ ಕೂತಿರ್ತಾರಲ್ಲ ಮೇಡಂ, ಅದೇನು ಸಣ್ಣ ಮಾತಾ," ಎಂದರು ಡ್ರಿಲ್ ಮಾಸ್ತರರು. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದನ್ನು ಆ ಮನುಷ್ಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಉರಿ ಇವತ್ತಿನದಲ್ಲ ಬಿಡಿ. ತಂಗಿ ಹುಟ್ಟಿದಾಗ ಅಕ್ಕನಿಗೆ ಆರು ವರ್ಷ. ಅಲ್ಲಿಯವರೆಗೆ ಮನೆಯ ಕಣ್ಮಣಿ, ಅಲ್ಲಿಂದಾಚೆ 'ಮಗುವನ್ನ ಸ್ವಲ್ಪ ನೋಡ್ಕೋ' ಎನ್ನಿಸಿಕೊಳ್ಳುವವಳು. ಇವತ್ತಿಗೂ ಅಮ್ಮ ಫೋನ್ ಮಾಡಿದರೆ ಮೊದಲು ಕೇಳುವುದು, "ಅವಳು ಊಟ ಮಾಡಿದ್ಲಾ?" ಅವಳಿಗೆ ಮೂವತ್ತೊಂಬತ್ತು ತುಂಬಿದೆ.

ಹೀಗಿರುವಾಗ ಹೆಡ್‌ಮಿಸ್ ಒಂದು ದಿನ ಇಬ್ಬರನ್ನೂ ಕೋಣೆಗೆ ಕರೆದರು. ಮುಂದಿನ ವರ್ಷದಿಂದ ಇತಿಹಾಸ, ಕಾನೂನು ಎರಡೂ ಸೇರಿ ಒಂದೇ ವಿಷಯವಾಗುತ್ತದೆ, ಒಂಬತ್ತು ಮತ್ತು ಹತ್ತಕ್ಕೆ ಒಬ್ಬರೇ ಸಾಕು, ಇನ್ನೊಬ್ಬರು ಐದು, ಆರನೇ ತರಗತಿಯ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಬೇಕು ಎಂದರು. "ಇಬ್ಬರೂ ಸೇರಿ ಒಂದು ಪಾಠ ಮಾಡಿ. ಬಂದು ಕೂತ್ಕೊಂಡು ನೋಡ್ತೀನಿ, ಆಮೇಲೆ ತೀರ್ಮಾನ."

ಹತ್ತನೇ ತರಗತಿಯೆಂದರೆ ದೊಡ್ಡ ಮೇಡಂ ಉಸಿರು. ಐದನೇ ತರಗತಿಗೆ ಹೋಗಿ, ಬಣ್ಣದ ಪೆನ್ಸಿಲಿಗಾಗಿ ಜಗಳವಾಡುವ ಮಕ್ಕಳ ನಡುವೆ ಕೋಟೆಯ ಚಿತ್ರಕ್ಕೆ ಬಣ್ಣ ತುಂಬಿಸುತ್ತ ಕೂರುವುದೇ? ಅದೂ ತಂಗಿ ಪಕ್ಕದ ಕಟ್ಟಡದಲ್ಲಿ ಚಪ್ಪಾಳೆ ಗಿಟ್ಟಿಸುತ್ತಿರುವಾಗ? ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ ಇರಬೇಕು ಎಂದುಕೊಂಡರು.

ಪಾಠಕ್ಕೆ ಗಿರಣಿಯ ಬೆಂಕಿಯನ್ನು ಆರಿಸಿದ್ದು ತಂಗಿ. ತೊಂಬತ್ತು ವರ್ಷದ ಹಿಂದೆ ಊರಿನ ನೂಲಿನ ಗಿರಣಿಗೆ ಬೆಂಕಿ ಬಿದ್ದು, ಹೊರಗಿನಿಂದ ಬೀಗ ಹಾಕಿದ್ದ ಬಾಗಿಲ ಹಿಂದೆ ಹನ್ನೊಂದು ಜನ ಸತ್ತಿದ್ದರು. ಬೀಗ ಹಾಕಿದ ಮೇಸ್ತ್ರಿ ಜೈಲಿಗೆ ಹೋಗಿದ್ದ. ಆ ಕೇಸನ್ನು ಮಕ್ಕಳು ಮತ್ತೆ ನಡೆಸಲಿ ಎಂಬುದು ಅವಳ ಆಸೆ. "ಕಾಗದ ಎಲ್ಲ ನಿನ್ನ ಹತ್ರ ಇದೆಯಲ್ಲಕ್ಕ. ನೀನಿಲ್ದೆ ಈ ಕೇಸೇ ಇಲ್ಲ," ಎಂದಳು. ಹೊಗಳಿಕೆ ನಿಜವೇ ಆಗಿತ್ತು, ಆದರೂ ಅಕ್ಕನಿಗೆ ಅದು ಚುಚ್ಚಿತು.

ಕಾಗದಗಳೇನೋ ಇದ್ದವು. ಹನ್ನೆರಡು ವರ್ಷ ರಜೆಯಲ್ಲೆಲ್ಲ ಪುರಸಭೆಯ ಧೂಳು ಕುಡಿದು ಅವರು ನಕಲು ಮಾಡಿಕೊಂಡು ಬಂದ ಹದಿನೇಳು ಕಾಗದ. ಒಂದೊಂದರ ಬಲಮೂಲೆಯಲ್ಲೂ ಕೆಂಪು ಶಾಯಿಯಲ್ಲಿ ಸಂಖ್ಯೆ. ಅದರಲ್ಲಿ ಹನ್ನೆರಡನೆಯದು ಗಿರಣಿಯ ಮಾಲೀಕ ಮೇಸ್ತ್ರಿಗೆ ಬರೆದ ನಾಲ್ಕು ಸಾಲು: ಪಾಳಿ ಮುಗಿಯುವವರೆಗೆ ಬಾಗಿಲು ತೆರೆಯಕೂಡದು, ಬೀಗ ಹಾಕಿದ ಕೂಡಲೇ ಕೀಲಿಕೈ ನನ್ನ ಕೋಣೆಗೆ ತಂದೊಪ್ಪಿಸತಕ್ಕದ್ದು. ಬೆಂಕಿ ಬಿದ್ದಾಗ ಮೇಸ್ತ್ರಿಯ ಕೈಯಲ್ಲಿ ಕೀಲಿಯೇ ಇರಲಿಲ್ಲ ಎಂಬುದಕ್ಕೆ ಲೋಕದಲ್ಲಿದ್ದ ಸಾಕ್ಷಿ ಇದೊಂದೇ.

ದೊಡ್ಡ ಮೇಡಂ ಆ ಕಾಗದವನ್ನು ಕಡತದಿಂದ ಮೆಲ್ಲಗೆ ಎಳೆದು ತಮ್ಮ ಚೀಲಕ್ಕೆ ಹಾಕಿಕೊಂಡರು. ಹೊಸ ಪಟ್ಟಿ ಬರೆದು, ಒಟ್ಟು ಹದಿನಾರು ಎಂದು ಕೆಳಗೆ ಗೆರೆ ಎಳೆದು, ಕಡತವನ್ನು ತಂಗಿಯ ಕೈಗಿತ್ತರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಕ್ಕಳು ಮೇಸ್ತ್ರಿಯನ್ನು ತಪ್ಪಿತಸ್ಥ ಎನ್ನಲಿ, ಹೆಡ್‌ಮಿಸ್ ತಲೆದೂಗಲಿ, ಆಗ ತಾವು ಎದ್ದು ಕಾಗದ ಓದಿದರೆ ಆಯಿತು. ವಾದ ಮಾಡಲು ಯಾರಿಗಾದರೂ ಬರುತ್ತದೆ, ಹುಡುಕಿ ತರುವವರು ಯಾರು ಎಂದು ಎಲ್ಲರಿಗೂ ತಿಳಿದೀತು.

ಪಾಠದ ದಿನ ಎಲ್ಲವೂ ಎಣಿಸಿದಂತೆಯೇ ನಡೆಯಿತು. ಆಕ್ಷೇಪಣೆ ಮೇಸ್ತ್ರಿಯ ಪರ ವಕೀಲೆ. ಎಂಟು ದಿನ ಕಡತವನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದಳಂತೆ. ಏನೇ ಗುದ್ದಾಡಿದರೂ ಕೀಲಿಕೈ ಎಲ್ಲಿತ್ತು ಎನ್ನುವ ಪ್ರಶ್ನೆಗೆ ಬಂದಾಗ ಅವಳಲ್ಲಿ ಉತ್ತರವಿರಲಿಲ್ಲ. ನ್ಯಾಯಾಧೀಶರಾಗಿದ್ದ ಮೂವರು ಪಿಸಿಪಿಸಿ ಮಾತಾಡಿಕೊಂಡು ತಪ್ಪಿತಸ್ಥ ಎಂದುಬಿಟ್ಟರು. ಹುಡುಗಿ ಕೂತಲ್ಲೇ ಮುಖ ತಗ್ಗಿಸಿ ಕಣ್ಣೊರೆಸಿಕೊಂಡಳು.

ದೊಡ್ಡ ಮೇಡಂ ಎದ್ದರು. ಸೆರಗು ಸರಿಮಾಡಿಕೊಂಡು, ಕನ್ನಡಕ ಏರಿಸಿ, ನಾಲ್ಕು ಸಾಲನ್ನೂ ನಿಧಾನವಾಗಿ ಓದಿದರು. ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಹೆಡ್‌ಮಿಸ್ ಮುಂದಕ್ಕೆ ಬಾಗಿ ಕೂತರು. ಹತ್ತೊಂಬತ್ತು ವರ್ಷದಲ್ಲಿ ಇಂಥ ನಿಶ್ಶಬ್ದ ದೊಡ್ಡ ಮೇಡಂಗೆ ಸಿಕ್ಕಿರಲಿಲ್ಲ. ಹಾಯೆನಿಸಿತು, ಯಾಕೆ ಸುಳ್ಳು ಹೇಳಬೇಕು.

"ಮೇಡಂ," ಎಂದು ಎದ್ದಳು ಆಕ್ಷೇಪಣೆ. ಕಣ್ಣು ಕೆಂಪಾಗಿತ್ತು. "ಈ ಕಾಗದ ಎಲ್ಲಿತ್ತು?"

"ಎಲ್ಲಿತ್ತು ಅಂದ್ರೆ? ಇತ್ತು."

"ನಮ್ಮ ಫೈಲಲ್ಲಿ ಇರ್ಲಿಲ್ಲ." ಅವಳು ಕಡತ ತಿರುವಿದಳು. "ಪಟ್ಟಿಯಲ್ಲಿ ಹದಿನಾರು ಅಂತಿದೆ. ಆದ್ರೆ ಮೂಲೆಯಲ್ಲಿ ಹನ್ನೊಂದಾದ್ಮೇಲೆ ಹದಿಮೂರು ಇದೆ. ನಿಮ್ಮ ಕೈಲಿರೋದ್ರ ಮೇಲೆ ಹನ್ನೆರಡು ಅಂತಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದೊಡ್ಡ ಮೇಡಂ ಬೆರಳು ತಾನಾಗಿಯೇ ಕಾಗದದ ಮೂಲೆಯನ್ನು ಮುಚ್ಚಿತು. ಇತಿಹಾಸದವರ ದುರಭ್ಯಾಸ, ಸಿಕ್ಕ ಕಾಗದಕ್ಕೆಲ್ಲ ಸಂಖ್ಯೆ ಹಾಕದೆ ಕೈ ನಿಲ್ಲುವುದಿಲ್ಲ. ಹೊಸ ಪಟ್ಟಿ ಬರೆದವರಿಗೆ ಹಳೆಯ ಕೆಂಪು ಶಾಯಿ ಕಣ್ಣಿಗೇ ಬಿದ್ದಿರಲಿಲ್ಲ.

ಆಗ ತಂಗಿ ಮಾತಾಡಿದಳು. "ತಪ್ಪು ನಂದು. ಅಕ್ಕ ಎಲ್ಲಾ ಕೊಟ್ಟಿದ್ರು. ಈ ಕಾಗದ ಮುಖ್ಯ ಅಲ್ಲ ಅಂತ ನಾನೇ ವಾಪಸ್ ಕೊಟ್ಟೆ." ಕಣ್ಣು ಮಿಟುಕಿಸದೆ ಹೇಳಿದಳು. ಹನ್ನೊಂದು ವರ್ಷದ ವಕೀಲಿ ಎಲ್ಲಿ ಹೋಗುತ್ತದೆ?

ಹೆಡ್‌ಮಿಸ್ ಹೊರಗೆ ಬಂದು ದೊಡ್ಡ ಮೇಡಂ ಭುಜ ತಟ್ಟಿದರು. "ಮುಖ್ಯವಾದ ಕಾಗದಾನೇ ಬಿಟ್ಟು ಕೇಸು ನಡೆಸೋದಂದ್ರೆ ಏನರ್ಥ? ಮುಂದಿನ ವರ್ಷದ್ದು ನೀವೇ ನೋಡ್ಕೊಳ್ಳಿ. ಸೋಮವಾರ ಆರ್ಡರ್ ಕೊಡ್ತೀನಿ."

ಗೆದ್ದಾಯಿತು. ಆದರೆ ದೊಡ್ಡ ಮೇಡಂ ಬಸ್‌ಸ್ಟಾಪಿನಲ್ಲಿ ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ತಂಗಿ ಪಕ್ಕದಲ್ಲಿ ಬಂದು ನಿಂತಳು. ಕೂಗಾಡಿದ್ದರೆ ಚೆನ್ನಾಗಿತ್ತು, ಅವಳು ಕೂಗಾಡಲಿಲ್ಲ.

"ಯಾಕೆ ಹಾಗೆ ಹೇಳ್ದೆ?" ಎಂದರು ಅಕ್ಕ.

"ಮತ್ತೇನು, ಅಷ್ಟು ಮಕ್ಕಳ ಮುಂದೆ ನಿನ್ನ ಮರ್ಯಾದೆ ತೆಗೀಲಾ? ಹತ್ತನೇ ಕ್ಲಾಸು ನಿಂಗೆ ಅಷ್ಟು ಬೇಕು ಅಂತಿದ್ರೆ ಕೇಳಬಹುದಿತ್ತಕ್ಕ. ಬಿಟ್ಟುಕೊಡ್ತಿದ್ದೆ."

ಬಿಟ್ಟುಕೊಡ್ತಿದ್ದಳಂತೆ. ತಿಂದು ಹೆಚ್ಚಾದ ತಿಂಡಿಯ ಹಾಗೆ. ಕದ್ದು ಗೆದ್ದಿದ್ದು ತಾವು, ಸೋತು ದೊಡ್ಡವಳಾದವಳು ಅವಳು. ಒಳ್ಳೆಯತನದಲ್ಲೂ ಒಂದು ಹೆಜ್ಜೆ ಮುಂದೆ ಹೋಗಬೇಕೇ ಇವಳು? ಬಸ್ಸಿನಲ್ಲಿ ಅವರು ತಂಗಿಯ ಪಕ್ಕ ಸೀಟು ಖಾಲಿಯಿದ್ದರೂ ನಿಂತೇ ಬಂದರು.

ಮರುದಿನ, ಶುಕ್ರವಾರ, ಸ್ಟಾಫ್ ರೂಮಿನ ಮೇಜಿನ ಮೇಲೆ ಒಂದು ಸಮನ್ಸ್ ಇತ್ತು. ನೋಟ್‌ಬುಕ್ಕಿನ ಹಾಳೆ, ಪೆನ್ಸಿಲಿನಲ್ಲಿ ಎಳೆದ ಗುಂಡನೆಯ ಮುದ್ರೆ. ಹೊಸ ಸಾಕ್ಷ್ಯ ಸಿಕ್ಕಿದ್ದರಿಂದ ಮೇಸ್ತ್ರಿಯ ಕೇಸನ್ನು ಮತ್ತೆ ತೆರೆಯಲಾಗಿದೆ, ಕಡತದ ಪಟ್ಟಿ ಬರೆದವರು ಈ ದಿನ ಮೂರನೇ ಪೀರಿಯಡ್ಡಿಗೆ ಸಾಕ್ಷಿ ಹೇಳಲು ಹಾಜರಾಗಬೇಕು. ಪಟ್ಟಿಯ ಅಕ್ಷರ ಯಾರದೆಂದು ಶಾಲೆಗೆಲ್ಲ ಗೊತ್ತಿತ್ತು. ಇನ್ನೊಂದು ಪ್ರತಿ ಹೆಡ್‌ಮಿಸ್‌ಗೂ ಹೋಗಿತ್ತು, ಅವರು ನಗುತ್ತ ಬರುತ್ತೇನೆ ಎಂದಿದ್ದರು.

"ಹೋಗ್ಬೇಡ," ಎಂದಳು ತಂಗಿ. "ನಾನೇ ಏನೋ ಒಂದು ಹೇಳಿ ಮುಗಿಸ್ತೀನಿ."

ಆ ಮಾತು ಆಡದೆ ಇದ್ದಿದ್ದರೆ ದೊಡ್ಡ ಮೇಡಂ ಬಹುಶಃ ಹೋಗುತ್ತಿರಲಿಲ್ಲ. ಇನ್ನೊಂದು ಸಲ ಅವಳ ದಯೆ ಉಣ್ಣುವುದಕ್ಕಿಂತ ಐದನೇ ತರಗತಿಯೇ ವಾಸಿ ಎನಿಸಿತು. "ನನ್ನ ಸಾಕ್ಷಿ ನಾನು ಹೇಳ್ಕೋತೀನಿ, ನೀನು ಸುಮ್ನಿರು," ಎಂದು ಎದ್ದರು. ಒಳ್ಳೆಯ ಕೆಲಸಕ್ಕೂ ಹೊಟ್ಟೆಕಿಚ್ಚೇ ಅವರನ್ನು ತಳ್ಳಿಕೊಂಡು ಹೋಯಿತು ಅಂದರೆ ನಗಬೇಡಿ.

ತಿರುಗಿಸಿಟ್ಟ ಕುರ್ಚಿಯ ಹಿಂದೆ ನಿಂತು, ಮಕ್ಕಳು ಹೇಳಿಕೊಟ್ಟ ಹಾಗೆಯೇ ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿದರು. ಹಿಂದಿನ ಬೆಂಚಿನಲ್ಲಿ ಹೆಡ್‌ಮಿಸ್, ಕಿಟಕಿಯ ಬಳಿ ತಂಗಿ. ಮೇಜಿನ ಪಕ್ಕ ಎಲ್ಲವನ್ನೂ ಬರೆದುಕೊಳ್ಳಲು ಒಬ್ಬ ಗುಮಾಸ್ತೆ, ಎರಡು ಜಡೆಯವಳು.

"ಪಟ್ಟಿ ಬರೆದಿದ್ದು ಯಾರು?" ಆಕ್ಷೇಪಣೆ ಕೇಳಿದಳು.

"ನಾನು."

"ಹನ್ನೆರಡನೇ ಕಾಗದ ಚಿಕ್ಕ ಮೇಡಂಗೆ ಕೊಟ್ಟಿದ್ರಾ?"

"ಇಲ್ಲ. ನಾನೇ ತೆಗೆದಿಟ್ಕೊಂಡೆ. ಅವಳು ಹೇಳಿದ್ದು ಸುಳ್ಳು, ನನ್ನ ಉಳಿಸೋಕೆ ಹೇಳಿದ್ದು."

ಹಿಂದಿನ ಬೆಂಚು ಕಿರ್ರೆಂದಿತು. ಹುಡುಗಿ ತನ್ನ ಪ್ರಶ್ನೆಗಳ ಚೀಟಿ ನೋಡಿಕೊಂಡು, ಅದರಲ್ಲಿಲ್ಲದ್ದನ್ನು ಕೇಳಿದಳು. "ಯಾಕೆ ಮೇಡಂ?"

ಮಕ್ಕಳಿಗೆ ಪರೀಕ್ಷೆಯಲ್ಲಿ 'ಕಾರಣಗಳನ್ನು ಪಟ್ಟಿ ಮಾಡಿ' ಎಂದು ವರ್ಷಗಟ್ಟಲೆ ಕೇಳಿದವರು ಇವರು. ತಮ್ಮ ಸರದಿ ಬಂದಾಗ ಒಂದೇ ಒಂದು ಕಾರಣ ಇತ್ತು.

"ಹೊಟ್ಟೆಕಿಚ್ಚು," ಎಂದರು. "ನೀವೆಲ್ಲ ಅವಳ ಪಾಠದಲ್ಲಿ ನಗ್ತೀರ. ನನ್ನ ಪಾಠದಲ್ಲಿ ಗಂಟೆ ಯಾವಾಗ ಹೊಡೆಯುತ್ತೆ ಅಂತ ನೋಡ್ತೀರ. ನೀನು ಹೋದ ವರ್ಷ ನನ್ನ ಹಿಂದೆ ಓಡಾಡ್ತಿದ್ದವಳು, ಈಗ ಅವಳ ಹಿಂದೆ. ನನಗೆ ತಡೀಲಿಲ್ಲ. ಅವಳು ಎಲ್ಲರ ಮುಂದೆ ಸೋಲಲಿ ಅನ್ನಿಸ್ತು. ನಿನ್ನ ಎಂಟು ದಿನದ ಕೆಲಸ ಹಾಳು ಮಾಡಿದೆ. ಅದು ಆಗ ನನ್ನ ತಲೆಗೇ ಬರಲಿಲ್ಲ."

ಹೆಡ್‌ಮಿಸ್ ಎದ್ದು, ಡೈರಿ ಮುಚ್ಚಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಹತ್ತನೇ ತರಗತಿಯೂ ಅವರ ಹಿಂದೆಯೇ ಹೋಯಿತೆಂದು ದೊಡ್ಡ ಮೇಡಂಗೆ ಗೊತ್ತಾಯಿತು. ಕುರ್ಚಿ ಹಿಡಿದುಕೊಂಡರು.

ಆಕ್ಷೇಪಣೆಯ ಮುಖ ಸಣ್ಣದಾಗಿತ್ತು. ಇಷ್ಟು ದೂರ ಹೋಗುತ್ತದೆಂದು ಆ ಮಗು ಎಣಿಸಿರಲಿಲ್ಲ. ಹೇಗಾದರೂ ಒಳ್ಳೆಯ ಮಾತಿನಲ್ಲಿ ಮುಗಿಸಬೇಕೆಂದು ಮೆಲ್ಲಗೆ ಕೇಳಿದಳು, "ಈಗ ಆ ಹೊಟ್ಟೆಕಿಚ್ಚು ಹೋಯ್ತಲ್ಲ ಮೇಡಂ? ಹೇಳಿಬಿಟ್ರಲ್ಲ. ಈಗ ಇಲ್ಲ ಅಲ್ವಾ?"

ದೊಡ್ಡ ಮೇಡಂ ಕಿಟಕಿಯ ಕಡೆ ನೋಡಿದರು. ತಂಗಿಯ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಆಗಲೇ ನಾಲ್ಕು ಹುಡುಗಿಯರು ಅವಳ ಸುತ್ತ ಸೇರಿದ್ದರು, ಒಬ್ಬಳು ತನ್ನ ಕರ್ಚೀಫು ಕೊಡುತ್ತಿದ್ದಳು, ಇನ್ನೊಬ್ಬಳು ಅವಳ ತೋಳಿಗೆ ಕೆನ್ನೆ ಒತ್ತಿ ನಿಂತಿದ್ದಳು. ಸಾಕ್ಷಿಕಟ್ಟೆಯ ಹತ್ತಿರ ಯಾರೂ ಬಂದಿರಲಿಲ್ಲ.

"ಇದೆ," ಎಂದರು ದೊಡ್ಡ ಮೇಡಂ. "ಇನ್ನೂ ಇದೆ."

ಎರಡು ಜಡೆಯ ಗುಮಾಸ್ತೆ ಪೆನ್ನೆತ್ತಿ ಅವರ ಮುಖ ನೋಡಿದಳು. "ಹಾಗೇ ಬರೀಲಾ ಮೇಡಂ?"

"ಹಾಗೇ ಬರಿ."